ತಾಲೀಮು ಶೆಡ್ಡಿನ ಕಿಟಕಿಗೆ ಗೋಣಿಪರದೆ ಹೊಡೆಸಿದ ಗಣಿಯ ಸೇಫ್ಟಿ ಆಫೀಸರಿಗೆ

ಮಾನ್ಯರೇ,

ಕಲಿಸಿದ ಅಪರಾಧಕ್ಕೆ ತಾವು ಒಬ್ಬ ಲಾರಿ ಡ್ರೈವರಿಗೆ ನೋಟೀಸು ಕೊಟ್ಟಿದ್ದೀರಿ. ಕುಡಿದದ್ದಕ್ಕಲ್ಲ, ಕದ್ದದ್ದಕ್ಕಲ್ಲ, ಲಾರಿಯನ್ನು ಹಳ್ಳಕ್ಕೆ ಕೆಡವಿದ್ದಕ್ಕೂ ಅಲ್ಲ. ಗಣಿಯ ಗುಡ್ಡದಿಂದ ಜೀವಸಹಿತ ಇಳಿದು ಬರುವುದು ಹೇಗೆಂದು ಕಂಟ್ರಾಕ್ಟು ಡ್ರೈವರುಗಳಿಗೆ ಹೇಳಿಕೊಟ್ಟದ್ದಕ್ಕೆ! ಬರುವ ಸೋಮವಾರ ಬೆಳಿಗ್ಗೆ ಹತ್ತಕ್ಕೆ ಆತ ತಮ್ಮ ಮೇಜಿನ ಮುಂದೆ ಟೋಪಿ ಕೈಯಲ್ಲಿ ಹಿಡಿದು ನಿಲ್ಲಬೇಕಂತೆ. ಸಮಜಾಯಿಷಿ ತಮಗೆ ಒಪ್ಪಿಗೆಯಾಗದಿದ್ದರೆ ಕೆಲಸ ಹೋಗುತ್ತದಂತೆ. ಆಹಾ, ಏನು ನ್ಯಾಯ! ಈಜು ಬಲ್ಲವನು ಮುಳುಗುವವನಿಗೆ ಕೈ ಕೊಟ್ಟರೆ, ಕೆರೆಯ ಕಾವಲುಗಾರನು ಕೈ ಕೊಟ್ಟವನನ್ನೇ ಹಿಡಿದು ಠಾಣೆಗೆ ಎಳೆದನಂತೆ.

ಆ ಡ್ರೈವರು ಮರ್ಫಿ ಟೌನಿನ ವೆಂಕಟಸ್ವಾಮಿ. ಅವನ ಪರವಾಗಿ ಸಾಕ್ಷಿ ಹೇಳಲು ಹೊರಟಿರುವ ನಾನು ಹಲಸೂರಿನ ಮುನಿಶಾಮಿ, ತಮ್ಮ ಗಣಿಗೆ ಲಾರಿ ಓಡಿಸುವ ಇಪ್ಪತ್ತೇಳು ಕಂಟ್ರಾಕ್ಟು ಡ್ರೈವರುಗಳಲ್ಲಿ ಒಬ್ಬ. ನನ್ನ ಸಾಕ್ಷಿಯ ತೂಕ ಎಷ್ಟೆಂದು ಮೊದಲೇ ಹೇಳಿಬಿಡುತ್ತೇನೆ. ವೆಂಕಟಸ್ವಾಮಿ ನನ್ನ ಗೆಳೆಯನಲ್ಲ, ನೆಂಟನೂ ಅಲ್ಲ. ಅವನನ್ನು ಕಂಡರೆ ನನಗೆ ಹೊಟ್ಟೆ ಉರಿಯುತ್ತದೆ. ಅವನ ಕಾಲಿನ ಬೂಟು ಕಂಡರೆ ಉರಿಯುತ್ತದೆ, ಅವನ ಖಾಕಿ ಜೇಬಿನ ಮೇಲಿರುವ ಹಿತ್ತಾಳೆ ಬಿಲ್ಲೆ ಕಂಡರೆ ಉರಿಯುತ್ತದೆ, ಅವನು ಏನೂ ಮಾಡದೆ ಸುಮ್ಮನೆ ಬೀಡಿ ಹಚ್ಚಿದರೂ ಉರಿಯುತ್ತದೆ. ಅವನು ಬಿದ್ದರೆ ಚಪ್ಪಾಳೆ ತಟ್ಟಬೇಕಾದ ಮೊದಲ ಕೈ ನನ್ನದು. ಅಂಥ ಕೈಯವನು ಇವತ್ತು ಬರೆಯಬಲ್ಲವರನ್ನು ಹಿಡಿದು ‘ಅವನನ್ನು ಬಿಡಿ’ ಎಂದು ಹತ್ತು ಜನ ಓದುವ ಪತ್ರಿಕೆಗೆ ಬರೆಸುತ್ತಿದ್ದಾನೆ. ಇದಕ್ಕಿಂತ ಗಟ್ಟಿಯಾದ ಸಾಕ್ಷಿ ತಮಗೆ ಯಾವ ಕೋರ್ಟಿನಲ್ಲಿ ಸಿಕ್ಕೀತು?

ವಿಷಯ ಗೊತ್ತಿಲ್ಲದ ಓದುಗರಿಗಾಗಿ ಎರಡು ಮಾತು. ಹೊಸಕೋಟೆ ದಾಟಿ ಮೂಡಲಿಗೆ ಹೋದರೆ ಒಂದು ಬೋಳು ಗುಡ್ಡವಿದೆ. ಅದರ ನೆತ್ತಿಯಲ್ಲಿ ಬೆಣಚುಕಲ್ಲಿನ ಗಣಿ. ಕಲ್ಲನ್ನು ಲಾರಿಗೆ ತುಂಬಿ, ಗುಡ್ಡ ಇಳಿಸಿ, ಕೃಷ್ಣರಾಜಪುರದ ರೈಲ್ವೆ ಗೂಡ್ಸ್ ಯಾರ್ಡಿಗೆ ತಂದು ಸುರಿಯಬೇಕು. ಈ ಕೆಲಸಕ್ಕೆ ಎರಡು ಜಾತಿಯ ಡ್ರೈವರುಗಳಿದ್ದಾರೆ. ಗಣಿಯ ಸ್ವಂತ ಡ್ರೈವರು ಒಂಬತ್ತು ಜನ. ಅವರು ಮನೆಯ ಮಕ್ಕಳು. ಕಂಟ್ರಾಕ್ಟರ ಲಾರಿ ಓಡಿಸುವ ನಾವು ಇಪ್ಪತ್ತೇಳು ಜನ. ನಾವು ಮದುವೆ ಮನೆಯ ಹೊರಗೆ ಎಲೆ ಕಾಯುವವರು. ಕಲ್ಲು ಒಂದೇ, ಗುಡ್ಡ ಒಂದೇ, ಇಳಿಜಾರು ಒಂದೇ, ಇಳಿಜಾರಿನ ನಡುವೆ ಎಮ್ಮೆಯ ಕೊಂಬಿನಂತೆ ಬಾಗಿರುವ ಆ ಹಾಳು ತಿರುವೂ ಒಂದೇ. ಕಮರಿ ಮಾತ್ರ ಜಾತಿ ಕೇಳುವುದಿಲ್ಲ. ಜಾತಿ ಕೇಳುವುದು ತಮ್ಮ ಶೆಡ್ಡು.

ಈ ವರ್ಷ ಸಂಕ್ರಾಂತಿ ಕಳೆದ ಮೇಲೆ ಗುಡ್ಡದ ಬುಡದಲ್ಲಿ ಆ ಶೆಡ್ಡು ಎದ್ದಿತು. ತಗಡಿನ ಮಾಡು, ಸುಣ್ಣ ಬಳಿದ ಗೋಡೆ, ಎರಡು ಕಿಟಕಿ. ಒಳಗೆ ಹನ್ನೆರಡು ದಿನಗಳ ತರಬೇತಿ. ನಾನು ಒಳಗೆ ಹೋದವನಲ್ಲ. ಆದರೆ ಕಿಟಕಿಯಿಂದ ಇಣುಕಿದವನು. ಒಳಗೆ ಏನೇನಿತ್ತು ಗೊತ್ತೇ ಓದುಗರೇ! ಒಂದು ದೊಡ್ಡ ಮೇಜಿನ ಮೇಲೆ ಮರಳಿನಲ್ಲಿ ಕಟ್ಟಿದ ಗುಡ್ಡ, ನಮ್ಮ ಗುಡ್ಡವೇ, ತಿರುವಿನ ಸಮೇತ! ಅದರ ಮೇಲೆ ಅಂಗೈಯಷ್ಟು ಮರದ ಲಾರಿ. ಮಾಸ್ತರು ಆ ಲಾರಿಯನ್ನು ಜಾರಿಸುತ್ತಾರೆ, ಅದು ತಿರುವಿನಲ್ಲಿ ಮರಳಿಗೆ ಉರುಳುತ್ತದೆ, ಒಂಬತ್ತು ಜನವೂ ನಗುತ್ತಾರೆ, ಯಾಕೆ ಉರುಳಿತೆಂದು ಮಾಸ್ತರು ಹೇಳುತ್ತಾರೆ, ಮತ್ತೆ ಜಾರಿಸುತ್ತಾರೆ. ಮಾನ್ಯರೇ, ಐವತ್ತರ ಹತ್ತಿರದ ಗಂಡಸು ನಾನು, ಹತ್ತೊಂಬತ್ತು ವರ್ಷ ಸ್ಟೀರಿಂಗು ಹಿಡಿದವನು. ಆ ಆಟಿಕೆಯ ಲಾರಿ ಕಂಡು ಮಗುವಿನ ಹಾಗೆ ಅಸೂಯೆಪಟ್ಟೆ. ಅವರಿಗೆ ಬೀಳಲು ಮರಳಿದೆ. ನಮಗೆ ಬೀಳಲು ಕಮರಿಯೊಂದೇ.

ಮೂರನೆಯ ದಿನಕ್ಕೆ ನಮ್ಮಂಥ ಇಣುಕುವವರು ಹೆಚ್ಚಾದರು. ಬ್ಲ್ಯಾಕ್‌ಪಲ್ಲಿಯ ಅಹ್ಮದ್ ಪಾಷಾ, ಕೃಷ್ಣರಾಜಪುರದ ನನ್ನ ಭಾವಮೈದ ಮುನಿಆಂಜನಪ್ಪ, ಇನ್ನೂ ನಾಲ್ಕೈದು ಜನ, ಊಟದ ಹೊತ್ತಿನಲ್ಲಿ ಕಿಟಕಿಯ ಸರಳು ಹಿಡಿದು ನಿಲ್ಲತೊಡಗಿದರು. ನಾಲ್ಕನೆಯ ದಿನ ಬಂದು ನೋಡಿದರೆ ಕಿಟಕಿಗೆ ಗೋಣಿಪರದೆ! ಕಾವಲುಗಾರನನ್ನು ಕೇಳಿದೆವು. “ಸಾಹೇಬರ ಹುಕುಂ. ಒಳಗಿನೋರಿಗೆ ಗಮನ ತಪ್ಪುತ್ತಂತೆ” ಎಂದ. ಅಹ್ಮದ್ ಪಾಷಾ ಪರದೆಯನ್ನು ಮೇಲಿನಿಂದ ಕೆಳಗೆ ನೋಡಿ, “ಏನ್ ಗುರು, ನಮ್ ಮನೇಲಿ ಹೆಂಗಸರಿಗೂ ಇಷ್ಟು ದಪ್ಪ ಪರ್ದಾ ಇಲ್ಲ” ಎಂದ. ಎಲ್ಲರೂ ನಕ್ಕೆವು. ನಕ್ಕು ಹೋಗಿ ಲಾರಿ ಹತ್ತಿದೆವು.

ಪರದೆಯ ವಿಷಯದಲ್ಲಿ ನನ್ನ ಮುಂದೆ ಆಟ ನಡೆಯುವುದಿಲ್ಲ ಸ್ವಾಮಿ. ನಾನು ಹುಟ್ಟಿದ್ದೇ ಪರದೆಯ ಹಿಂದೆ. ನನ್ನ ತಂದೆ ಊರೂರು ತಿರುಗುವ ನಾಟಕ ಮಂಡಳಿಯೊಂದರಲ್ಲಿ ಪರದೆ ಎಳೆಯುವ ಕೆಲಸದಲ್ಲಿದ್ದರು. ಬಣ್ಣದ ಪೆಟ್ಟಿಗೆಯ ಪಕ್ಕದಲ್ಲಿ ಮಲಗಿ, ಹಾರ್ಮೋನಿಯಂ ಕೇಳಿ ಎದ್ದವನು ನಾನು. ಅಲ್ಲಿ ಕಂಡ ಒಂದು ಕಟ್ಟಳೆ ಹೇಳುತ್ತೇನೆ, ತಮ್ಮ ಕಚೇರಿಯ ಗೋಡೆಗೆ ಬರೆಸಿಕೊಳ್ಳಿ. ದೀವಟಿಗೆ ಹಿಡಿದು ರಂಗದ ಆಚೆಯಿಂದ ಈಚೆಗೆ ಒಮ್ಮೆ ನಡೆದುಹೋಗುವವನಿಗೂ ತಾಲೀಮಿತ್ತು. ಮಾತಿಲ್ಲ, ಹಾಡಿಲ್ಲ, ಹತ್ತು ಹೆಜ್ಜೆ ನಡೆಯಬೇಕು ಅಷ್ಟೆ. ಆದರೂ ಹತ್ತು ಸಲ ನಡೆಸುತ್ತಿದ್ದರು. ಯಾಕೆ? ಅವನ ಕೈಯಲ್ಲಿ ಬೆಂಕಿಯಿದೆ, ಪರದೆಗೆ ತಾಗಿದರೆ ರಾಜನೂ ಸುಡುತ್ತಾನೆ, ರಾಣಿಯೂ ಸುಡುತ್ತಾಳೆ, ಮುಂದಿನ ಸಾಲಿನ ಅಮಲ್ದಾರರೂ ಸುಡುತ್ತಾರೆ! ಅವನು ಮಂಡಳಿಯವನೋ ಆ ಊರಿನಲ್ಲಿ ಒಂದು ದಿನಕ್ಕೆ ಕರೆತಂದವನೋ ಎಂದು ಯಾರೂ ಕೇಳುತ್ತಿರಲಿಲ್ಲ. ಬೆಂಕಿ ಹಿಡಿದವನಿಗೆ ತಾಲೀಮು. ಮುಗಿಯಿತು. ನಮ್ಮ ದಂಡಿನ, ಅಂದರೆ ಕಂಟೋನ್ಮೆಂಟಿನ, ಮಿಲಿಟರಿಯವರನ್ನೇ ನೋಡಿ. ಯುದ್ಧ ಮುಗಿದು ವರ್ಷವಾಯಿತು, ಇನ್ನೂ ಹೇಸರಗತ್ತೆಗಳಿಗೆ ಕವಾಯತು ನಡೆಯುತ್ತಲೇ ಇದೆ. ಇಳಿಜಾರಿನಲ್ಲಿ ಹೊರೆ ಹೊತ್ತು ಕಾಲಿಡುವುದು ಹೇಗೆಂದು ಕತ್ತೆಗೆ ವಾರಗಟ್ಟಲೆ ಪಾಠ! ಹಲಸೂರಿನ ರಸ್ತೆಯಲ್ಲಿ ಅವು ಸಾಲಾಗಿ ಹೋಗುವಾಗ ನಾನು ಲಾರಿ ಪಕ್ಕಕ್ಕೆ ನಿಲ್ಲಿಸಿ ದಾರಿ ಬಿಡುತ್ತೇನೆ. ಕಲಿತವರಿಗೆ ಮರ್ಯಾದೆ ಕೊಡಬೇಕಲ್ಲ.

ಇನ್ನು ವೆಂಕಟಸ್ವಾಮಿಯ ಕಥೆಗೆ ಬರೋಣ. ನಾನು ದೊಡ್ಡವನಾದ ಮೇಲೆ ಹಲಸೂರಿನಲ್ಲಿ ನಮ್ಮದೇ ಒಂದು ಸಣ್ಣ ನಾಟಕ ಮಂಡಳಿ ಕಟ್ಟಿದೆವು. ನಾನು ರಾಜಪಾರ್ಟು. ಕಿರೀಟ ನನ್ನದು, ಸಿಂಹಾಸನ ನನ್ನದು, ನನ್ನ ಗಂಟಲಿನ ಆರ್ಭಟ ಮರ್ಫಿ ಟೌನಿಗೆ ಕೇಳಿಸುತ್ತಿತ್ತು. ವೆಂಕಟಸ್ವಾಮಿ ದ್ವಾರಪಾಲಕ. ಐದು ಗಂಟೆಯ ನಾಟಕದಲ್ಲಿ ಅವನಿಗೆ ಇದ್ದದ್ದು ಒಂದೇ ಮಾತು: ‘ಪ್ರಭು, ಶತ್ರುಸೈನ್ಯ ಕೋಟೆಯ ಬಾಗಿಲಿಗೆ ಬಂದಿದೆ.’ ಪಾಪ, ಅದಕ್ಕಾಗಿ ತಿಂಗಳುಗಟ್ಟಲೆ ಅಭ್ಯಾಸ ಮಾಡಿಕೊಂಡು ಬರುತ್ತಿದ್ದ. ಆದರೆ ನನಗೆ ಒಂದು ಚಾಳಿ. ಅವನು ‘ಪ್ರಭು...’ ಎನ್ನುವಷ್ಟರಲ್ಲಿ ನಾನು ಮೀಸೆ ತಿರುವಿ, “ತಿಳಿಯಿತು! ತೊಲಗು!” ಎಂದು ಗುಡುಗುತ್ತಿದ್ದೆ. ಜನ ಗೊಳ್ಳೆಂದು ನಗುತ್ತಿದ್ದರು. ವೆಂಕಟಸ್ವಾಮಿ ಈಟಿ ಎಳೆದುಕೊಂಡು ಒಳಗೆ ಹೋಗುತ್ತಿದ್ದ. ಏಳು ವರ್ಷದಲ್ಲಿ ಅವನ ಆ ಒಂದು ಮಾತನ್ನು ಪೂರ್ತಿ ಕೇಳಿದ ಪ್ರೇಕ್ಷಕ ಹಲಸೂರಿನಲ್ಲಿ ಒಬ್ಬನೂ ಇಲ್ಲ.

ಅಂಥ ದ್ವಾರಪಾಲಕನನ್ನು ತಮ್ಮ ಗಣಿ ಸ್ವಂತ ಡ್ರೈವರಾಗಿ ತೆಗೆದುಕೊಂಡಿತು! ನಾನೂ ಅರ್ಜಿ ಹಾಕಿದ್ದೆ. ನನಗೆ ‘ವಯಸ್ಸು ಮೀರಿದೆ’ ಎಂದು ಬಂತು, ಅವನಿಗೆ ಬೂಟು ಬಂತು. ಹನ್ನೆರಡು ದಿನ ಶೆಡ್ಡಿನಲ್ಲಿ ಕೂತು ಬಂದ ಮೇಲೆ ಫೋಟೋ ಅಂಟಿಸಿದ ಸರ್ಟಿಫಿಕೇಟು ಬಂತು. ಅದಕ್ಕೆ ಕಟ್ಟು ಹಾಕಿಸಿ ಮನೆಯಲ್ಲಿ ದೇವರ ಪಟಗಳ ಸಾಲಿನಲ್ಲೇ ತೂಗುಹಾಕಿದ್ದಾನೆ. ಶುಕ್ರವಾರ ಅವನ ಹೆಂಡತಿ ಯಶೋದಮ್ಮ ದೇವರಿಗೆಲ್ಲ ಕುಂಕುಮ ಇಡುತ್ತಾ ಅದಕ್ಕೂ ಒಂದು ಬೊಟ್ಟು ಇಡುತ್ತಾಳಂತೆ. ಇದನ್ನು ಕಣ್ಣಾರೆ ಕಂಡು ಬಂದ ನನ್ನ ಹೆಂಡತಿ ಅಕ್ಕಯಮ್ಮ, ಅನ್ನ ಬಡಿಸುತ್ತಾ, “ನಮ್ಮನೇಲೂ ಒಂದು ಮೊಳೆ ಖಾಲಿ ಐತೆ” ಎಂದಳು. ಅಷ್ಟೇ ಅಂದದ್ದು. ಆ ಮೊಳೆ ಗೋಡೆಯಲ್ಲಲ್ಲ, ನನ್ನ ಎದೆಯಲ್ಲಿ ನೆಟ್ಟಿತ್ತು.

ಈಗ ನನ್ನ ವಿದ್ಯೆಯ ಮಾತು. ಯುದ್ಧದ ಕಾಲದಲ್ಲಿ ಪೆಟ್ರೋಲಿಗೆ ಕೂಪನ್ನು ಬಂದಾಗಿನಿಂದ ನಮ್ಮ ದಂಡಿನ ಡ್ರೈವರುಗಳೆಲ್ಲ ಒಂದು ಪದ್ಧತಿ ರೂಢಿಸಿಕೊಂಡಿದ್ದೇವೆ. ಇಳಿಜಾರು ಬಂತೆಂದರೆ ಗೇರು ತೆಗೆದು ನ್ಯೂಟ್ರಲ್ ಬಿಡುವುದು. ಲಾರಿ ತನ್ನ ಭಾರಕ್ಕೆ ತಾನೇ ಓಡುತ್ತದೆ, ಪೆಟ್ರೋಲು ಉಳಿಯುತ್ತದೆ. ಈ ವಿದ್ಯೆಯಲ್ಲಿ ನಾನು ಮಹಾರಾಜ! ಹಳೆ ಮದರಾಸು ರಸ್ತೆಯ ಇಳಿತದಲ್ಲಿ ನ್ಯೂಟ್ರಲ್ ಬಿಟ್ಟರೆ ಕೃಷ್ಣರಾಜಪುರದ ಕೆರೆ ಏರಿಯ ತನಕ ಇಂಜಿನ್ನಿನ ಉಸಿರಿಲ್ಲದೆ ತೇಲಿಸಿಕೊಂಡು ಹೋಗಬಲ್ಲೆ. ಹೊಸಬರೆಲ್ಲ ಕಲಿತದ್ದು ನನ್ನಿಂದ. ಮುನಿಆಂಜನಪ್ಪ ಕಲಿತದ್ದೂ ನನ್ನಿಂದ. ಬಯಲು ಸೀಮೆಯ ರಸ್ತೆಗೆ ಇದು ನಡೆದೀತು. ಐದು ಟನ್ನು ಕಲ್ಲು ಹೊತ್ತು ಗುಡ್ಡ ಇಳಿಯುವಾಗ ಇದು ಯಮನಿಗೆ ವೀಳ್ಯ ಕೊಟ್ಟ ಹಾಗೆ ಎಂದು ನಮಗೆ ಯಾರು ಹೇಳಿದ್ದರು? ಇಳಿಜಾರಿನ ನೆತ್ತಿಯಲ್ಲಿ ತಾವು ಒಂದು ಬೋರ್ಡು ನೆಡಿಸಿದ್ದೀರಿ ನಿಜ. ಇಂಗ್ಲಿಷಿನಲ್ಲಿ. ನಾವು ಕನ್ನಡ ಆಡುತ್ತೇವೆ, ತಮಿಳು ಆಡುತ್ತೇವೆ, ಉರ್ದುವಿನಲ್ಲಿ ಜಗಳ ಆಡುತ್ತೇವೆ, ದಂಡಿನ ಬಿಳಿ ಸೋಜರನಿಗೆ ಇಂಗ್ಲಿಷಿನಲ್ಲಿ ದಾರಿಯನ್ನೂ ಹೇಳುತ್ತೇವೆ. ಓದಲು ಬರುವುದಿಲ್ಲ. ಆ ಬೋರ್ಡು ಗಣಿಯ ಹೆಸರಿರಬೇಕೆಂದುಕೊಂಡು ಆರು ತಿಂಗಳು ಅದಕ್ಕೆ ಸಲಾಮು ಹೊಡೆದು ಹೋದವರು ನಾವು.

ಶ್ರಾವಣದಲ್ಲಿ ಒಂದು ಬೆಳಿಗ್ಗೆ ಹಲಸೂರು ಮಾರ್ಕೆಟ್ಟಿನ ಪಕ್ಕದ ಚಹಾದಂಗಡಿಯಲ್ಲಿ ಏಳೆಂಟು ಜನ ಡ್ರೈವರುಗಳು ಕೂತಿದ್ದೆವು. ವೆಂಕಟಸ್ವಾಮಿ ಬಂದ. ಬೂಟು ಟಕ್ ಟಕ್ ಎಂದಿತು. ನನ್ನ ಮುಂದೆ ನಿಂತು, ಕೈ ಉಜ್ಜಿಕೊಂಡು, “ಮುನಿಶಾಮಣ್ಣ, ಗುಡ್ಡದ ಇಳಿಜಾರಲ್ಲಿ ನೀವೆಲ್ಲ ನ್ಯೂಟ್ರಲ್ ಬಿಡ್ತೀರಂತಲ್ಲ. ಶೆಡ್ಡಲ್ಲಿ ನಮ್ಗೆ ಏನ್ ಹೇಳ್ಕೊಟ್ರು ಅಂದ್ರೆ...” ಎಂದ.

ಶೆಡ್ಡು! ಆ ಒಂದು ಶಬ್ದ ಕಿವಿಗೆ ಬಿದ್ದದ್ದೇ ತಡ, ನನ್ನ ಕಣ್ಣಿಗೆ ಮರದ ಲಾರಿ ಬಂತು, ಗೋಣಿಪರದೆ ಬಂತು, ಕುಂಕುಮವಿಟ್ಟ ಸರ್ಟಿಫಿಕೇಟು ಬಂತು. ಬೆಂಚಿನ ಮೇಲೆ ಹತ್ತಿ ನಿಂತೆ. ಹೆಗಲ ಟವೆಲ್ಲನ್ನು ಉತ್ತರೀಯದಂತೆ ಬೀಸಿದೆ. “ಎಲವೋ ದ್ವಾರಪಾಲಕಾ! ಹತ್ತೊಂಬತ್ತು ವರ್ಷ ರಥ ನಡೆಸಿದ ಈ ಚಕ್ರವರ್ತಿಗೆ ಹನ್ನೆರಡು ದಿನದ ನೀನು ಪಾಠ ಹೇಳುವೆಯಾ? ತಿಳಿಯಿತು! ತೊಲಗು!”

ಅಂಗಡಿಗೆ ಅಂಗಡಿಯೇ ನಕ್ಕಿತು. “ಅರೇ ವಾ, ರಾಜಾ ಸಾಬ್!” ಎಂದು ಅಹ್ಮದ್ ಪಾಷಾ ಮೇಜು ಬಡಿದ. ಎಲ್ಲರಿಗಿಂತ ಜೋರಾಗಿ ನಕ್ಕವನು ಮುನಿಆಂಜನಪ್ಪ. ನನ್ನ ಭಾವಮೈದ, ನನ್ನ ಆಟದ ಮೊದಲ ಸಾಲಿನ ಪ್ರೇಕ್ಷಕ. ವೆಂಕಟಸ್ವಾಮಿ ಮುಖ ಕೆಂಪಗೆ ಮಾಡಿಕೊಂಡು, ಚಹಾ ಕುಡಿಯದೆ ಹೊರಟುಹೋದ. ಬೂಟಿನ ಸದ್ದು ದೂರವಾಗುವುದನ್ನು ನಾನು ಕೇಳಿಸಿಕೊಂಡೆ. ನನ್ನ ಇಡೀ ಜನ್ಮದ ಅತಿ ಒಳ್ಳೆಯ ಪ್ರವೇಶ ಅದು ಎಂದುಕೊಂಡು ಇನ್ನೊಂದು ಚಹಾ ಹೇಳಿದೆ.

ಗೌರಿ ಹಬ್ಬಕ್ಕೆ ನಾಲ್ಕು ದಿನ ಇತ್ತು. ಬೆಳಿಗ್ಗೆ ಹನ್ನೊಂದರ ಸುಮಾರು. ಸಣ್ಣ ಹನಿ ಬಿದ್ದು ದಾರಿ ತೇವವಾಗಿತ್ತು. ನನ್ನ ಲಾರಿಗೆ ಗುಡ್ಡದ ಮೇಲೆ ಕಲ್ಲು ತುಂಬುತ್ತಿದ್ದರು. ಮುನಿಆಂಜನಪ್ಪನ ಲಾರಿ ತುಂಬಿಯಾಗಿತ್ತು. ಕಿಟಕಿಯಿಂದ ತಲೆ ಹೊರಗೆ ಹಾಕಿ, “ಭಾವ, ನೋಡ್ತಾ ಇರು! ಇವತ್ತು ಯಾರ್ಡಿಗೆ ನಾನೇ ಮೊದ್ಲು!” ಎಂದು ಕೂಗಿದ. ಲಾರಿ ಇಳಿಜಾರಿಗೆ ಮೂತಿ ಇಟ್ಟೊಡನೆ ಇಂಜಿನ್ನಿನ ಸದ್ದು ಸಣ್ಣಗಾಯಿತು. ಗೇರು ತೆಗೆದಿದ್ದಾನೆ ಎಂದು ನನಗೆ ಗೊತ್ತಾಯಿತು. ನಿಜ ಹೇಳುತ್ತೇನೆ ಮಾನ್ಯರೇ, ಆ ಕ್ಷಣ ನನಗೆ ಹೆಮ್ಮೆಯಾಯಿತು. ನನ್ನ ಶಿಷ್ಯ ತೇಲುತ್ತಿದ್ದಾನೆ! ಆಮೇಲೆ ಲಾರಿಯ ಓಟ ಹೆಚ್ಚಿತು. ಆಮೇಲೆ ಬ್ರೇಕಿನ ಕಿರುಚಾಟ. ಆಮೇಲೆ ಸುಟ್ಟ ವಾಸನೆ. ಆಮೇಲೆ ಕಿರುಚಾಟವೂ ನಿಂತಿತು, ಏಕೆಂದರೆ ಬ್ರೇಕೇ ಉಳಿದಿರಲಿಲ್ಲ. ಎಮ್ಮೆಕೊಂಬಿನ ತಿರುವಿನಲ್ಲಿ ಅವನು ಕಮರಿಯ ಕಡೆಗೆ ಬಿಡದೆ ಸ್ಟೀರಿಂಗನ್ನು ಗುಡ್ಡದ ಗೋಡೆಗೆ ತಿರುಗಿಸಿದ. ಅದರಿಂದ ಜೀವ ಉಳಿಯಿತು. ಲಾರಿ ಮಗ್ಗುಲಾಗಿ ಬಿತ್ತು, ಎಡಗಾಲು ಬಾಗಿಲಿನ ಕೆಳಗೆ ಹೋಯಿತು.

ಕೆಳಗಿನಿಂದ ಮೊದಲು ಓಡಿ ಬಂದವನು ವೆಂಕಟಸ್ವಾಮಿ. ಜ್ಯಾಕು ಕೊಟ್ಟು ಬಾಗಿಲು ಎತ್ತಿದವನೂ ಅವನೇ. ಎತ್ತುತ್ತಾ ಎತ್ತುತ್ತಾ ಬಾಯಿಪಾಠದ ಹಾಗೆ, “ಹತ್ತಿದ ಗೇರಲ್ಲೇ ಇಳೀಬೇಕಿತ್ತು ಮಗಾ, ಹತ್ತಿದ ಗೇರಲ್ಲೇ ಇಳೀಬೇಕಿತ್ತು” ಎನ್ನುತ್ತಿದ್ದ. ಇಷ್ಟೇ ಸ್ವಾಮಿ ಆ ವಿದ್ಯೆ. ಗುಡ್ಡ ಹತ್ತುವಾಗ ಯಾವ ಗೇರಿನಲ್ಲಿ ಹತ್ತಿದೆಯೋ ಅದೇ ಗೇರಿನಲ್ಲಿ ಇಳಿ, ಇಂಜಿನ್ನೇ ಲಾರಿಯನ್ನು ಹಿಡಿದುಕೊಳ್ಳುತ್ತದೆ, ಬ್ರೇಕು ಸುಡುವುದಿಲ್ಲ. ಒಂದು ವಾಕ್ಯ. ಗೋಣಿಪರದೆಯ ಹಿಂದೆ ತಾವು ಬಚ್ಚಿಟ್ಟ ನಿಧಿ ಇಷ್ಟೇ ಉದ್ದ.

ಆಸ್ಪತ್ರೆಯಲ್ಲಿ ಕಾಲನ್ನು ಮೊಣಕಾಲಿನ ಕೆಳಗೆ ತೆಗೆದರು. ಮೂರನೆಯ ದಿನ ಮುನಿಆಂಜನಪ್ಪನಿಗೆ ಮಾತಾಡುವಷ್ಟು ಚೇತನ ಬಂತು. ನಾನು ಮಂಚದ ಪಕ್ಕದಲ್ಲಿದ್ದೆ.

“ಭಾವ, ವೆಂಕಟಸ್ವಾಮಿ ಅದೇನೋ ಅಂತಿದ್ನಲ್ಲ, ಹತ್ತಿದ ಗೇರು ಅಂತ. ಅದು ನಿಂಗೆ ಮೊದ್ಲೇ ಗೊತ್ತಿತ್ತಾ?”

“ಇಲ್ಲ ಕಣೋ.”

“ಅವನಿಗೆ ಗೊತ್ತಿತ್ತಾ?”

“ಗೊತ್ತಿತ್ತು.”

“ಮತ್ತೆ ಯಾಕ್ ಹೇಳ್ಲಿಲ್ಲ ನಮ್ಗೆ?”

ನಾನು ಟವೆಲ್ಲು ಕೊಡವಿ ಹೆಗಲಿಗೆ ಹಾಕಿಕೊಂಡು ಎದ್ದೆ.

ತಪ್ಪು ಮಾಡಿದವನಿಗೆ ಮೊದಲು ಬರುವುದು ಸಿಟ್ಟು. ಅಲ್ಲಿಂದ ನೇರ ಮರ್ಫಿ ಟೌನಿಗೆ ನಡೆದೆ. ವೆಂಕಟಸ್ವಾಮಿಯ ಬಾಗಿಲಿನಲ್ಲಿ ನಿಂತು ಬೀದಿಗೆಲ್ಲ ಕೇಳುವಂತೆ, “ಹೊರಗೆ ಬಾರೋ ಸರ್ಟಿಫಿಕೇಟಿನ ಮಗನೇ! ಗೊತ್ತಿದ್ದೂ ಬಾಯಿ ಮುಚ್ಕೊಂಡು ಒಂದು ಕಾಲು ತಿಂದ್ಯಲ್ಲೋ!” ಎಂದು ಕೂಗಿದೆ. ಯಶೋದಮ್ಮ ಹೊರಗೆ ಬಂದು, “ಒಳಗೆ ಬಂದು ಬಯ್ಯಿ ಅಣ್ಣ, ಬೀದೀಲಿ ಬ್ಯಾಡ” ಎಂದಳು. ಒಳಗೆ ಹೋದೆ. ವೆಂಕಟಸ್ವಾಮಿ ಗೋಡೆಗೆ ಒರಗಿ ಕೂತಿದ್ದ. ಬೂಟು ಬಿಚ್ಚಿಟ್ಟಿದ್ದ. ತಲೆ ಎತ್ತದೆ ಹೇಳಿದ:

“ಹೇಳಕ್ಕೆ ಬಂದಿದ್ನಲ್ಲ ಅಣ್ಣ. ನೀನು ಬೆಂಚ್ ಮ್ಯಾಲೆ ಹತ್‌ಬಿಟ್ಟೆ.”

ಅಲ್ಲಿಯೇ ಕೂತೆ. “ಈಗ ಹೇಳು” ಎಂದೆ. “ನಿನಗೊಬ್ಬನಿಗೆ ಬೇಡ, ಎಲ್ರುನೂ ಕರ್ಕೊಂಡು ಬಾ” ಎಂದ.

ಹೀಗೆ ಶುರುವಾಯಿತು ತಾವು ಅಪರಾಧ ಎಂದು ಕರೆದಿರುವ ಕಾರ್ಯ. ಭಾನುವಾರ ಬೆಳಿಗ್ಗೆ ಹಲಸೂರು ಕೆರೆಯ ಏರಿಯ ಮೇಲೆ, ಅರಳಿಮರದ ಕೆಳಗೆ, ಇಪ್ಪತ್ತಾರು ಜನ. ತಮ್ಮಲ್ಲಿ ಮರಳಿನ ಮೇಜಿತ್ತು, ನಮ್ಮಲ್ಲಿ ಕೆರೆಯ ಜೇಡಿ. ತಮ್ಮಲ್ಲಿ ಮರದ ಲಾರಿ, ನಮ್ಮಲ್ಲಿ ಅರ್ಧ ಇಟ್ಟಿಗೆ. ವೆಂಕಟಸ್ವಾಮಿಗೆ ಮಾತು ಬಾರದು, ತಡವರಿಸುತ್ತಾನೆ. ಆದರೆ ಆ ಇಟ್ಟಿಗೆಯನ್ನು ಜೇಡಿಗುಡ್ಡದಿಂದ ಇಳಿಸುವಾಗ ಇಪ್ಪತ್ತಾರು ಜನ ಉಸಿರು ಹಿಡಿದು ನೋಡುತ್ತಿದ್ದರು. ನನ್ನ ಯಾವ ನಾಟಕವನ್ನೂ ಜನ ಹಾಗೆ ನೋಡಿಲ್ಲ. ಅದಕ್ಕೂ ಉರಿಯಿತು ಹೊಟ್ಟೆ, ಸುಳ್ಳು ಯಾಕೆ ಹೇಳಲಿ. ಗೇರಿನ ವಿಷಯ ಹೇಳಿದ. ನಿಲ್ಲಿಸಿದ ಲಾರಿಯ ಗಾಲಿಗೆ ಮರದ ತುಂಡು ಕೊಡಬೇಕು, ಉರುಟು ಕಲ್ಲು ಕೊಡಬಾರದು ಎಂದು ಹೇಳಿದ. ಗುಡ್ಡದ ಮೇಲೆ ಕೆಂಪು ಬಾವುಟ ಏರಿದರೆ ಮದ್ದು ಸಿಡಿಸುತ್ತಾರೆ, ಆ ಕಡೆಗೆ ಹೋಗಬಾರದು ಎಂದು ಹೇಳಿದ. ಆಗ ಅಹ್ಮದ್ ಪಾಷಾ ಮೆಲ್ಲಗೆ ಎದ್ದು ನಿಂತ. “ಯಾ ಅಲ್ಲಾ! ನಾನು ಕೂಲಿಗಳ ಯೂನಿಯನ್ ಮೀಟಿಂಗು ಅಂದ್ಕೊಂಡು ಎರಡು ದಫಾ ಭಾಷಣ ಕೇಳಕ್ಕೆ ಹೋಗಿದ್ದೆ ಗುರು!” ಏರಿಯ ಮೇಲೆ ಎಲ್ಲರೂ ಬಿದ್ದು ಬಿದ್ದು ನಕ್ಕರು. ನಗು ನಿಂತ ಮೇಲೆ ಯಾರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ಆ ಮೇಲಿನ ವಾರಗಳಲ್ಲಿ ಇಪ್ಪತ್ತಾರು ಕಂಟ್ರಾಕ್ಟು ಲಾರಿಗಳಲ್ಲಿ ಒಂದರ ಬ್ರೇಕೂ ಹೊಗೆಯಾಡಿಲ್ಲ. ಬೇಕಾದರೆ ತಮ್ಮ ಕಾವಲುಗಾರನನ್ನೇ ಕೇಳಿ.

ಈಗ ನನ್ನ ಎರಡನೆಯ ತಪ್ಪೊಪ್ಪಿಗೆ. ತಮಗೆ ಈ ಸುದ್ದಿ ಮುಟ್ಟಿಸಿದವರು ಯಾರು? ಯಾವ ಚಾಡಿಕೋರ? ನಾನೇ! ಮೂರನೆಯ ಭಾನುವಾರ ಎಲ್ಲರೂ ಅವನನ್ನು ‘ಮೇಷ್ಟ್ರೇ’ ಎಂದು ಕರೆಯತೊಡಗಿದರು. ನನಗೆ ತಡೆಯಲಾಗಲಿಲ್ಲ. ಸೋಮವಾರ ಗೂಡ್ಸ್ ಯಾರ್ಡಿನ ಕಟ್ಟೆಯ ಮೇಲೆ ನಿಂತು ಇಡೀ ಪಾಠವನ್ನು ನಾನೇ ಆಡಿ ತೋರಿಸಿದೆ. ಅವನ ತಡವರಿಕೆ, ಅವನ ಇಟ್ಟಿಗೆ, ಅವನ ಬೂಟಿನ ನಡಿಗೆ, ಎಲ್ಲಾ ಅಣಕಿಸಿ, ‘ಮರ್ಫಿ ಟೌನಿನ ವೆಂಕಟಸ್ವಾಮಿ ಮೇಷ್ಟ್ರು ಹೇಳಿದ್ದು’ ಎಂದು ಘರ್ಜಿಸಿ ಹೇಳಿದೆ. ಹಮಾಲರು ಚಪ್ಪಾಳೆ ತಟ್ಟಿದರು. ಅವರ ನಡುವೆ ತೂಕದ ಚೀಟಿ ಹಿಡಿದಿದ್ದ ತಮ್ಮ ಕಚೇರಿಯ ಗುಮಾಸ್ತರೊಬ್ಬರೂ ತಟ್ಟಿದರು. ಗುರುವಾರ ನೋಟೀಸು ಬಂತು. ‘ಗಣಿಯ ತರಬೇತಿಯ ವಿಷಯಗಳನ್ನು ಅನಧಿಕೃತ ಹೊರಗಿನವರಿಗೆ ತಿಳಿಸಿದ್ದಾಗಿ ವರದಿಯಾಗಿದೆ.’ ವರದಿ ಮಾಡಿದ್ದು ನನ್ನ ಗಂಟಲು. ಹೊಟ್ಟೆಕಿಚ್ಚು ಒಮ್ಮೆ ಅವನ ಬಾಯಿ ಮುಚ್ಚಿಸಿತು, ಇನ್ನೊಮ್ಮೆ ಅವನ ಹೊಟ್ಟೆಯ ಮೇಲೇ ಹೊಡೆಯಿತು. ಶಿಕ್ಷೆ ಕೊಡುವುದಾದರೆ ಹಲಸೂರಿನ ವಿಳಾಸಕ್ಕೆ ಕೊಡಿ. ಆದರೆ ನನ್ನನ್ನು ಕೆಲಸದಿಂದ ತೆಗೆಯಲು ತಮಗೆ ಆಗುವುದಿಲ್ಲವಲ್ಲ! ನಾನು ತಮ್ಮವನಲ್ಲವಲ್ಲ!

ಇದನ್ನು ನಾನು ಹೇಳುತ್ತಿಲ್ಲ, ತಮ್ಮ ಕಚೇರಿಯೇ ಹೇಳಿತು. ಭಾವಮೈದನ ಕಾಲು ಹೋದ ಮೇಲೆ ನಾನು ಅಲ್ಲಿಗೆ ಬಂದು, ನಮಗೂ ಶೆಡ್ಡಿನಲ್ಲಿ ಜಾಗ ಕೊಡಿ ಎಂದು ಕೇಳಿದ್ದೆ. “ನೀವು ಗಣಿಯ ನೌಕರರಲ್ಲ, ಕಂಟ್ರಾಕ್ಟರನ್ನು ಕೇಳಿ” ಎಂದರು. ಕಂಟ್ರಾಕ್ಟರನ್ನು ಕೇಳಿದೆ. “ಲಾರಿ ನಂದಪ್ಪ, ಗುಡ್ಡ ಅವರದು. ಅವರನ್ನೇ ಕೇಳು” ಎಂದ. ಲೈಸೆನ್ಸಿನ ಕಚೇರಿಗೆ ಹೋದರೆ, ನನ್ನ ಲೈಸೆನ್ಸು ಬ್ರಿಟಿಷರ ಕೈಯಲ್ಲಿರುವ ದಂಡಿನದು, ಗಣಿ ಮೈಸೂರು ಮಹಾರಾಜರ ಸೀಮೆಯದು, ಗಡಿಯಾಚೆಯ ವಿಷಯ ತಮಗೆ ಸಂಬಂಧಿಸಿದ್ದಲ್ಲ ಎಂದರು. ಹೀಗೆ ಲಾರಿ ಒಬ್ಬರದು, ಗುಡ್ಡ ಒಬ್ಬರದು, ಲೈಸೆನ್ಸು ಇನ್ನೊಬ್ಬರದು. ಕಾಲು ಮಾತ್ರ ಪೂರ್ತಿಯಾಗಿ ಮುನಿಆಂಜನಪ್ಪನದು.

ಅಪಘಾತದ ವರದಿಯಲ್ಲಿ ತಾವು ಬರೆದಿದ್ದೀರಿ: ‘ಚಾಲಕನ ಅಜ್ಞಾನ ಹಾಗೂ ಅಜಾಗರೂಕತೆ.’ ಓದಿಸಿ ಕೇಳಿದೆ. ಎರಡು ಸಲ ಓದಿಸಿದೆ. ಅಜ್ಞಾನ! ಎಂಥ ಸರಿಯಾದ ಪದ! ಆದರೆ ಅಜ್ಞಾನ ಎಲ್ಲಿಂದ ಬಂತು ಸ್ವಾಮಿ? ಕಿಟಕಿಯ ಸರಳು ಹಿಡಿದು ಊಟ ಬಿಟ್ಟು ನಿಂತಿದ್ದವನು ಮುನಿಆಂಜನಪ್ಪ. ಗೋಣಿ ಹೊಡೆಸಿದವರು ಯಾರು? ನೋಡಬೇಡ ಎಂದು ಕಣ್ಣಿಗೆ ಬಟ್ಟೆ ಕಟ್ಟಿದವರೇ, ಆಮೇಲೆ ಕುರುಡನೆಂದು ಷರಾ ಬರೆಯುವುದೇ? ಆ ವರದಿಯಲ್ಲಿ ‘ಅಜ್ಞಾನ’ದ ಪಕ್ಕದಲ್ಲಿ ಒಂದು ಹೆಸರು ಬರೆಯಬೇಕಾಗಿದ್ದರೆ, ನನ್ನದನ್ನು ಬರೆಯಿರಿ, ಒಪ್ಪುತ್ತೇನೆ. ಅದರ ಮೇಲುಗಡೆ ತಮ್ಮ ಹುದ್ದೆಯನ್ನೂ ಬರೆಯಿರಿ.

ತಾವು ಕೇಳಬಹುದು: ತಪ್ಪೆಲ್ಲ ನಿನ್ನದೇ ಆದ ಮೇಲೆ ನನಗೇಕೆ ಪತ್ರ? ಕೇಳಿ.

ನಾನು ಹೊಟ್ಟೆಕಿಚ್ಚಿನ ಮನುಷ್ಯ. ಬೀದಿಗೊಬ್ಬರು ಇರುತ್ತಾರೆ ನನ್ನಂಥವರು. ವೆಂಕಟಸ್ವಾಮಿ ನಾಚಿಕೆಯ ಮನುಷ್ಯ. ಅಂಥವರೂ ಬೀದಿಗೊಬ್ಬರು. ಜೀವ ಉಳಿಸುವ ಒಂದು ಮಾತು, ಒಬ್ಬನ ನಾಚಿಕೆಯನ್ನೂ ಇನ್ನೊಬ್ಬನ ಕಿಚ್ಚನ್ನೂ ದಾಟಿ, ಚಹಾದಂಗಡಿಯ ಗದ್ದಲದಲ್ಲಿ ದಾರಿ ಹುಡುಕಿಕೊಂಡು ಮುನಿಆಂಜನಪ್ಪನ ಕಿವಿಗೆ ಬಂದು ಬೀಳಬೇಕಾಗಿತ್ತೇ? ಹಾಗಾದರೆ ಆಫೀಸರು ಯಾಕೆ, ಶೆಡ್ಡು ಯಾಕೆ, ಸರ್ಟಿಫಿಕೇಟು ಯಾಕೆ? ನಮ್ಮೆಲ್ಲರನ್ನೂ ಒಂದೇ ಬೆಂಚಿನ ಮೇಲೆ ಕೂರಿಸಿ ಆ ಒಂದು ವಾಕ್ಯ ಹೇಳಿದ್ದಿದ್ದರೆ ನಾನು ಉರಿದುಕೊಳ್ಳಲು ಏನಿರುತ್ತಿತ್ತು? ಅಸೂಯೆ ನನ್ನ ರೋಗ, ಒಪ್ಪಿದೆ. ಅದಕ್ಕೆ ಬೇಲಿ ಹಾಕಿ, ಇತ್ತ ಒಂಬತ್ತು ಅತ್ತ ಇಪ್ಪತ್ತೇಳು ಎಂದು ನೀರೆರೆದು ಬೆಳೆಸಿದವರು ತಾವು.

ಬೇಡಿಕೆ ಮೂರಿಲ್ಲ, ಹತ್ತಿಲ್ಲ. ಸೋಮವಾರ ಹತ್ತು ಗಂಟೆಗೆ ವೆಂಕಟಸ್ವಾಮಿಯ ನೋಟೀಸನ್ನು ಹರಿದು, ಅವನನ್ನು ಅದೇ ಶೆಡ್ಡಿಗೆ ಕರೆದುಕೊಂಡು ಹೋಗಿ ಮರಳಿನ ಗುಡ್ಡದ ಮುಂದೆ ನಿಲ್ಲಿಸಿ, ನಮ್ಮೆಲ್ಲರನ್ನೂ ಒಳಗೆ ಬಿಡಿ. ಮುನಿಆಂಜನಪ್ಪನ ಲಾರಿಯನ್ನು ರಿಪೇರಿ ಮಾಡಿಸಿ ಮಂಗಳವಾರದಿಂದ ಹೊಸಬನೊಬ್ಬನಿಗೆ ಕೊಡುತ್ತಾರಂತೆ. ಮಹದೇವಪುರದ ಹುಡುಗನಂತೆ, ಚಲುವಯ್ಯನೆಂದು ಹೆಸರು. ಎತ್ತಿನ ಗಾಡಿ ಬಿಟ್ಟು ಲಾರಿ ಹತ್ತಿ ಇನ್ನೂ ಎಂಟು ತಿಂಗಳು. ಮೊನ್ನೆ ಯಾರ್ಡಿನಲ್ಲಿ ನನ್ನ ಹತ್ತಿರ ಬಂದು, “ಮುನಿಶಾಮಣ್ಣ, ಇಳಿಜಾರಲ್ಲಿ ತೇಲ್ಸೋದ್ರಲ್ಲಿ ನಿಮ್ಮನ್ ಬಿಟ್ರೆ ಇಲ್ವಂತೆ. ನಂಗೂ ಕಲ್ಸಿ” ಎಂದ. ಮರೆತುಬಿಡು ಅದನ್ನು ಎಂದು ಹೇಳಿದೆ, ಗೇರಿನ ಮಾತನ್ನೂ ಹೇಳಿದೆ. ಅವನು ಕಣ್ಣು ಮಿಟುಕಿಸಿ ನಕ್ಕ. ನನ್ನ ವಿದ್ಯೆಯನ್ನು ಬೇರೆಯವರಿಗೆ ಕೊಡಲು ನನಗೆ ಹೊಟ್ಟೆಕಿಚ್ಚು ಎಂದುಕೊಂಡಿದ್ದಾನೆ! ನನ್ನ ಖ್ಯಾತಿ ಹಾಗಿದೆ. ನನ್ನ ಬಾಯಿಂದ ಬಂದರೆ ಅವನು ನಂಬುವುದಿಲ್ಲ. ಬೂಟು ಹಾಕಿ, ಬಿಲ್ಲೆ ತೊಟ್ಟು, ಶೆಡ್ಡಿನ ಒಳಗೆ ನಿಂತು ವೆಂಕಟಸ್ವಾಮಿ ಹೇಳಿದರೆ ನಂಬುತ್ತಾನೆ. ಮಂಗಳವಾರಕ್ಕೆ ಮುಂಚೆ ಸೋಮವಾರ ಬರುತ್ತದೆ, ಮಾನ್ಯರೇ.

ಆ ದಿನ ನಾನೂ ಬರುತ್ತೇನೆ. ಊರುಗೋಲಿನ ಮೇಲೆ ಮುನಿಆಂಜನಪ್ಪನೂ ಬರುತ್ತೇನೆ ಎಂದಿದ್ದಾನೆ. ಹಿಂದಿನ ಬೆಂಚಿನಲ್ಲಿ ಕೈಕಟ್ಟಿ ಕೂರುತ್ತೇನೆ, ಬೆಂಚಿನ ಮೇಲೆ ಹತ್ತುವುದಿಲ್ಲ. ಏಳು ವರ್ಷ ರಂಗದ ಮೇಲೆ, ಒಂದು ಬೆಳಿಗ್ಗೆ ಚಹಾದಂಗಡಿಯಲ್ಲಿ, ಆ ಮನುಷ್ಯನ ಒಂದು ಮಾತನ್ನು ನಾನು ಮುಗಿಯಗೊಡಲಿಲ್ಲ. ಅವನು ಹೇಳಲು ಬಂದದ್ದು ಪ್ರತಿ ಸಲವೂ ಒಂದೇ: ಬಾಗಿಲಿಗೆ ಅಪಾಯ ಬಂದಿದೆ. ಈಗ ಸಿಂಹಾಸನದಲ್ಲಿ ತಾವಿದ್ದೀರಿ. ‘ತಿಳಿಯಿತು, ತೊಲಗು’ ಎನ್ನಬೇಡಿ. ಅವನ ಮಾತು ಪೂರ್ತಿಯಾಗಲಿ.

ಇಂತಿ, ಕಿಚ್ಚು ಇನ್ನೂ ಪೂರ್ತಿ ಆರದ,
ತಾಲೀಮಿಗೆ ಕಾದಿರುವ ಮಾಜಿ ಚಕ್ರವರ್ತಿ,
ಮುನಿಶಾಮಿ
ಕಂಟ್ರಾಕ್ಟು ಲಾರಿ ಡ್ರೈವರು, ಹಲಸೂರು

(ನಾನು ಹೇಳಿದ್ದನ್ನು ಬರೆದುಕೊಟ್ಟವರು ನಮ್ಮ ಬೀದಿಯ ಶಾಲೆಯ ಮೇಷ್ಟ್ರು. ಅವರ ಅಕ್ಷರ ಕಂಡೂ ಹೊಟ್ಟೆ ಉರಿಯಿತು.)